ಒಣ ಗಾಳಿಗೆ ನೀರು ಕುಡಿಸಿದ್ದು

ಪುಣೆಯ ಚಳಿಯ ಮೇಲೆ ನನಗೆ ಸಿಟ್ಟಿಲ್ಲ. ಆ ಚಳಿಯ ಜೊತೆ ಮನೆಯೊಳಗೆ ಬಂದು ಕೂರುವ ಒಣ ಗಾಳಿಯ ಮೇಲೆ ಸಿಟ್ಟು. ವಾಯುವನ್ನು ಪ್ರಾಣವೆಂದು ಹೊಗಳಿದ ನಮ್ಮ ಹಿರಿಯರು ಇಲ್ಲಿಯ ಮಾಳಿಗೆಮನೆಯಲ್ಲಿ ಪುಷ್ಯಮಾಸ ಕಳೆದಿರಲಿಕ್ಕಿಲ್ಲ. ಧಾರವಾಡದಿಂದ ಇಲ್ಲಿಯ ದಂಡಿನ ಕ್ಯಾಂಪಿನ ಕಚೇರಿಗೆ ಕಾರಕೂನನಾಗಿ ಬಂದ ಮೊದಲ ವರ್ಷವೇ ನನ್ನ ತುಟಿ ಹೇಗೆ ಒಡೆಯಿತೆಂದರೆ, ಸಾಹೇಬರ ವಿನೋದಕ್ಕೆ ನಗುವುದೂ ರಕ್ತ ಸುರಿಸುವ ಸೇವೆಯಾಯಿತು. ಹಿಮ್ಮಡಿಗೆ ಕೊಬ್ಬರಿ ಎಣ್ಣೆ, ತುಟಿಗೆ ಬೆಣ್ಣೆ. ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನನ್ನ ಹೆಂಡತಿ ಅಂಬಕ್ಕ ಹಾಡುತ್ತಿದ್ದಳು. ಸಭೆಯಲ್ಲಲ್ಲ, ಬೆಳಗಿನ ಕೆಲಸ ಮುಗಿಸಿ, ತವರಿನಿಂದ ತಂದ ತಂಬೂರಿ ಹಿಡಿದು, ಅರ್ಧ ತಾಸು. ವಾಡೆಯ ಮೇಲಂತಸ್ತಿನಲ್ಲಿ ನಮ್ಮವು ಎರಡೇ ಕೋಣೆ. ಆ ಅರ್ಧ ತಾಸು ಅವು ದೊಡ್ಡವಾಗುತ್ತಿದ್ದವು. ಮಾರ್ಗಶಿರದಲ್ಲಿ ಅವಳಿಗೆ ಒಣ ಕೆಮ್ಮು ಹತ್ತಿತು. ಪುಷ್ಯದ ಹೊತ್ತಿಗೆ ಗಂಟಲು ಪೂರ್ತಿ ಕೂತುಹೋಯಿತು. ನಮ್ಮ ಕಡೆಯವರೇ ಆದ ವೈದ್ಯರು, "ಮಾತು ಬ್ಯಾಡ. ಖೋಲ್ಯಾಗಿನ ಹವಾ ಭಾಳ ಒಣಗೇದ್ರಿ, ಸ್ವಲ್ಪ ಹಸಿ ಇಡ್ರಿ," ಎಂದರು.

'ಸ್ವಲ್ಪ' ಎಂಬುದು ನನ್ನ ಕಿವಿಗೆ ಬೀಳಲಿಲ್ಲ. ನಾಲ್ಕು ಮೂಲೆಗೂ ಪರಾತದಲ್ಲಿ ನೀರಿಟ್ಟೆ. ಬಾಗಿಲಿಗೆ ಹಸಿ ಧೋತರ ಕಟ್ಟಿದೆ, ಕಿಟಕಿಗೆ ತೋಯಿಸಿದ ಗೋಣಿಚೀಲ. ಕೆಳಗಿನ ಮನೆಯ ಮರಾಠಿ ಅಜ್ಜಿ, "ಅಹೋ, ವರೂನ ಪಾಣೀ ಗಳತಂಯ!" ಎಂದು ಕೂಗಿದಳು. ಅವಳ ತಲೆಯ ಮೇಲೆ ನೀರು ಸೋರುವುದೇ ನನಗೆ ಕೆಮ್ಮು ಗುಣವಾಗುವ ಲಕ್ಷಣವಾಗಿ ಕಂಡಿತು. ಅಂಬಕ್ಕನ ಗಂಟಲು ಮಾತ್ರ ಇದ್ದಲ್ಲೇ ಇತ್ತು.

ಒಂದು ರವಿವಾರ ಶೆಗಡಿಗೆ ಕೆಂಡ ತುಂಬಿ, ಮೇಲೆ ನೀರಿನ ಪಾತ್ರೆ ಇಟ್ಟು, ಅವಳು ಕೂರುವ ಜಾಗದ ಹತ್ತಿರ ತಂದಿಟ್ಟೆ. ಪಕ್ಕದ ಗೋಡೆಗೆ ತಂಬೂರಿ ಒರಗಿತ್ತು. ಅಡಿಗೆಮನೆಯಿಂದ ನೋಡಿದ ಅಂಬಕ್ಕ ಎರಡೂ ಕೈ ಆಡಿಸಿದಳು. ಇನ್ನಷ್ಟು ಉಗಿ ಬೇಕೆನ್ನುತ್ತಾಳೆಂದು ತಿಳಿದು, ನಾನು ಮತ್ತೆರಡು ಹಿಡಿ ಇದ್ದಿಲು ಹಾಕಿ ಖುಷಿಯಿಂದ ಬೀಸಿದೆ. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬರುವಷ್ಟರಲ್ಲಿ 'ಟಪ್' ಎಂದಿತು. ತಂಬೂರಿಯ ಬುರುಡೆ ಮೇಲಿಂದ ಕೆಳಗೆ ಸೀಳಿತ್ತು.

ಅವಳು ಅಳಲಿಲ್ಲ. ಒಂದು ಚೂರು ಇದ್ದಿಲು ತೆಗೆದುಕೊಂಡು ನೆಲದ ಮೇಲೆ ಬರೆದಳು: 'ತಗೀರಿ ಅಂದಿದ್ದೆ.' ಆಮೇಲೆ ತಾನೇ ಅದನ್ನು ಒರೆಸಿದಳು. ನಾನು ಬೀಸಣಿಗೆ ಹಿಡಿದು ನಿಂತೇ ಇದ್ದೆ.

ದುರಸ್ತಿಯವನು ಬುರುಡೆಯನ್ನು ತಟ್ಟಿ ನೋಡಿ, ಕೂಡಿಸಿಕೊಡುತ್ತೇನೆ, ಹಳೆಯ ನಾದ ಮಾತ್ರ ಕೇಳಬೇಡಿ ಎಂದ. ಹೇಳಿದಂತೆಯೇ ಆಯಿತು.

ಅಂಬಕ್ಕನ ದನಿ ಆಷಾಢದ ಮಳೆಯಲ್ಲಿ, ನನ್ನ ಪರಾತಗಳ ಹಂಗಿಲ್ಲದೆ, ತಾನಾಗಿ ತಿರುಗಿ ಬಂತು. ಮಾತಿನ ಮಟ್ಟಿಗೆ ಬಂತು. ಮೇಲಿನ ಸ್ವರಕ್ಕೆ ಹೋದರೆ ಒಡೆಯುತ್ತಿತ್ತು. ನಾಲ್ಕು ದಿನ ಪ್ರಯತ್ನಿಸಿದಳು. ಐದನೆಯ ದಿನ ತಂಬೂರಿಗೆ ಗವಸು ಹಾಕಿದಳು.

"ಇನ್ನೊಮ್ಮೆ ನೋಡಬಾರದೇನ?" ಎಂದೆ.

"ಸಾಕ್ರಿ," ಎಂದಳು. "ಇಷ್ಟಾದ್ರೂ ಗಂಟಲ ಉಳದದಲ್ಲ, ಅದು ನಿಮಗ ತಿಳಿಸಿ ಹೇಳಲಿಕ್ಕೇ ಬೇಕಾಗ್ತದ."