ಘಾಟಿ ಹತ್ತುವ ದಿನ ನೀರು ಕುಡಿಯದವರು

೧೯೯೮ರಲ್ಲಿ ನಾನು ಊಟಿಯ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ ಫಿಸಿಷಿಯನ್ ಆಗಿದ್ದೆ. ಇಸಿಜಿ ಯಂತ್ರ, ಎಕ್ಸ್‌ರೇ, ಮಧ್ಯಾಹ್ನದವರೆಗೆ ತೆರೆದಿರುವ ಲ್ಯಾಬ್, ಒಂದು ಆಂಬ್ಯುಲೆನ್ಸ್ ವ್ಯಾನ್ ಇಷ್ಟೇ ನಮ್ಮ ಆಸ್ತಿ. ಹೃದಯದ ಎಕೋ ಪರೀಕ್ಷೆ ಇರಲಿಲ್ಲ, ಡಯಾಲಿಸಿಸ್ ಇರಲಿಲ್ಲ, ವೆಂಟಿಲೇಟರ್ ಅಂತೂ ಇಲ್ಲವೇ ಇಲ್ಲ. ಅವು ಬೇಕೆಂದರೆ ಘಾಟಿ ಇಳಿದು ಕೊಯಮತ್ತೂರಿಗೆ ಹೋಗಬೇಕು.

ನನ್ನೂರು ಗುಂಡ್ಲುಪೇಟೆ. ಅಪ್ಪ ಊಟಿಯ ಬಳಿಯ ಕೆತ್ತಿಯ ತೋಟಗಳಲ್ಲಿ ಕ್ಯಾರೆಟ್ಟು, ಬೀಟ್‌ರೂಟು ಕೊಂಡು ಮೈಸೂರಿಗೆ ಲಾರಿ ಕಳಿಸುತ್ತಿದ್ದವರು. ಅದರಿಂದ ನೀಲಗಿರಿಯ ಬೇಸಾಯದ ಜನರಾದ ಬಡಗರ ಮಾತು ನನ್ನ ಕಿವಿಗೆ ಚಿಕ್ಕಂದಿನಿಂದಲೇ ಪರಿಚಿತ. ನಾನು ಕನ್ನಡದಲ್ಲಿ ಮಾತಾಡಿದರೆ ಅವರು ತಮ್ಮ ನುಡಿಯನ್ನು ಸ್ವಲ್ಪ ಕನ್ನಡದ ಕಡೆಗೆ ಬಾಗಿಸಿ ಉತ್ತರ ಕೊಡುತ್ತಿದ್ದರು. ನನ್ನ ಗಂಟಲು ದೊಡ್ಡದು, ಸಂತೋಷವಾದರೂ ಸಿಟ್ಟು ಬಂದರೂ ಆಸ್ಪತ್ರೆಗೆಲ್ಲ ಕೇಳಿಸುತ್ತದೆ ಎಂದು ಸಿಸ್ಟರುಗಳು ಹಿಂದಿನಿಂದ ನಗುತ್ತಿದ್ದರು. ಈ ಕಥೆಯಲ್ಲೂ ಕೂಗಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ಗಿರಿಜೆ ಕೆತ್ತಿ ಕಣಿವೆಯ ಒಂದು ಹಟ್ಟಿಯವಳು. ಹಟ್ಟಿ ಅಂದರೆ ಬಡಗರ ಊರು. ಮೂವತ್ತರ ಆಸುಪಾಸಿನ ವಯಸ್ಸು, ಶಾಲೆಗೆ ಹೋಗುವ ಒಬ್ಬ ಮಗಳು. ಚಿಕ್ಕವಳಿದ್ದಾಗ ಬಂದ ಕೀಲುಜ್ವರ ಅವಳ ಹೃದಯದ ಮೈಟ್ರಲ್ ಕವಾಟವನ್ನು ಕೆಡಿಸಿತ್ತು. ಶ್ವಾಸಕೋಶದಿಂದ ಬಂದ ರಕ್ತ ಹೃದಯದ ಎಡಭಾಗದಲ್ಲಿ ಮುಂದಕ್ಕೆ ಹೋಗುವ ಬಾಗಿಲು ಅದು. ಬಾಗಿಲು ಕಿರಿದಾದರೆ ರಕ್ತ ಹಿಂದೆ ನಿಂತು, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಹೆರಿಗೆಯ ಸಮಯದಲ್ಲಿ ಒಮ್ಮೆ ಹಾಗೆ ತುಂಬಿ, ಬಾಯಲ್ಲಿ ನೊರೆ ಬಂದು, ಸಾವಿನ ಬಾಯಿಂದ ಮರಳಿದ್ದಳು. ಅಂದಿನಿಂದ ಅವಳಿಗೆ ನೀರು ಅಳತೆಯ ಮೇಲೆ. ಜೊತೆಗೆ ಮೂತ್ರ ಹೆಚ್ಚಿಸುವ ಫ್ರೂಸಮೈಡ್ ಮಾತ್ರೆ, ನಮ್ಮ ರೋಗಿಗಳ ಬಾಯಲ್ಲಿ ಅದು ನೀರಿನ ಮಾತ್ರೆ. ಅತ್ತೆ ಮಾಸಿಯಮ್ಮ ಸೊಸೆಯ ನೀರಿಗೆ ಕಾವಲು ನಿಂತವರು. ಗಿರಿಜೆ ಚಹಾದ ಲೋಟವನ್ನು ಎರಡನೆಯ ಸಲ ಮುಟ್ಟಿದರೆ ಸಾಕು, ಅಡುಗೆಮನೆಯಿಂದ ಗದರಿಕೆ ಬರುತ್ತಿತ್ತು. ಸೊಸೆಯ ಮೇಲೆ ಅಷ್ಟು ಪ್ರೀತಿ ಆ ಹೆಂಗಸಿಗೆ.

ಆ ವರ್ಷ ಕೊಯಮತ್ತೂರಿನ ಹೃದಯತಜ್ಞರೊಬ್ಬರು ಅವಳಿಗೆ ಬಲೂನ್ ವಾಲ್ವೊಟಮಿ ಮಾಡಿದರು. ತೊಡೆಯ ಸಂದಿನ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳು ಕೊಳವೆಯನ್ನು ಹೃದಯದವರೆಗೆ ತೂರಿಸಿ, ಅದರ ತುದಿಯ ಬಲೂನನ್ನು ಉಬ್ಬಿಸಿ ಕವಾಟವನ್ನು ಅಗಲ ಮಾಡುವುದು. ಈಗ ಅದೇ ದಾರಿಯಲ್ಲಿ ಇಡೀ ಹೊಸ ಕವಾಟವನ್ನೇ ಕೂರಿಸುತ್ತಾರೆ. ಆ ಕಾಲದಲ್ಲಿ ಎದೆ ಕೊಯ್ಯದೆ ಬಲೂನಿನಿಂದ ಕವಾಟ ತೆರೆಯುವುದೇ ನಮಗೆ ದೊಡ್ಡ ಬೆರಗು. ಹಳೆಯ ವಿಧಾನವಿರಲಿ, ಹೊಸದಿರಲಿ, ಒಂದು ತೊಡಕು ಮಾತ್ರ ಹಾಗೇ ಇದೆ. ಒಳಗಿನ ಚಿತ್ರ ಕಾಣಲು ಕಾಂಟ್ರಾಸ್ಟ್ ಡೈ ಕೊಡುತ್ತಾರೆ. ಅದು ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಮೈಯಲ್ಲಿ ನೀರಿಲ್ಲದಿದ್ದರೆ ಡೈ ಮೂತ್ರಪಿಂಡಕ್ಕೇ ಪೆಟ್ಟು ಕೊಡುತ್ತದೆ. ಗಿರಿಜೆಗೆ ಆಂಜಿಯೋಗ್ರಾಮನ್ನೂ ಸೇರಿಸಿ ಮಾಡಿದ್ದರಿಂದ ಡೈ ಸ್ವಲ್ಪ ಹೆಚ್ಚೇ ಹೋಗಿತ್ತು.

ಊರಿಗೆ ಮರಳಿದ ಮೂರನೆಯ ದಿನ ಬೆಳಿಗ್ಗೆ ಗಂಡ ನಂಜನ್ ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಬಂದ. ನಾಲಿಗೆ ಒಣಗಿ ಅಂಟುತ್ತಿತ್ತು. ಆದರೂ ಅವಳು ನನ್ನ ಕೈ ಹಿಡಿದು ಮೊದಲು ಹೇಳಿದ್ದು ಬೇರೆಯೇ.

"ಡಾಕ್ಟರಮ್ಮ, ಬಸ್‌ಸ್ಟಾಪಿಂದ ಮನೆವರೆಗೂ ನಿಲ್ಲದೆ ಹತ್ತಿದೆ. ಎಲ್ಲೂ ನಿಲ್ಲಿಲ್ಲೆ. ಮಗಳೇ ಹಿಂದೆ ಬಿದ್ದಾ."

ಅವಳ ಮನೆಯ ಏರನ್ನು ನಾನು ಬಲ್ಲೆ, ನನಗೇ ಏದುಸಿರು ಬರುತ್ತದೆ. ಕವಾಟ ತೆರೆದಿದೆ ಎನ್ನಲು ಇದಕ್ಕಿಂತ ಬೇರೆ ಪರೀಕ್ಷೆ ಬೇಕಾಗಿರಲಿಲ್ಲ. ಸ್ಟೆತೊಸ್ಕೋಪ್ ಇಟ್ಟರೆ ಕಿರಿದಾದ ಕವಾಟದ ಹಳೆಯ ಗುಡುಗುಡು ಸದ್ದು ಬಹುಮಟ್ಟಿಗೆ ಅಡಗಿತ್ತು. ನಾನು ಅಲ್ಲೇ "ಭೇಷ್!" ಎಂದು ಕೂಗಿಬಿಟ್ಟೆ. ಮರುಕ್ಷಣವೇ ಬಿಪಿ ನೋಡಿದ ಸಿಸ್ಟರ್ ಲೀಲಾ ನನ್ನ ಮುಖ ನೋಡಿದಳು. ನೂರು ದಾಟಬೇಕಾದ ಮೇಲಿನ ಅಂಕಿ ಎಂಬತ್ತನಾಲ್ಕು. ಹಿಂದಿನ ದಿನದಿಂದ ಮೂತ್ರವೇ ಆಗಿರಲಿಲ್ಲ.

ಮೂತ್ರಕೋಶಕ್ಕೆ ನಳಿಗೆ ಹಾಕಿದೆವು. ಕಡುಚಹಾದ ಬಣ್ಣದ ನಾಲ್ಕು ಚಮಚ ಬಂದು ನಿಂತಿತು. ಲ್ಯಾಬಿನಿಂದ ವರದಿ ಬಂತು: ಕ್ರಿಯಾಟಿನಿನ್ ೪.೨, ಪೊಟ್ಯಾಸಿಯಂ ೬.೪. ಕ್ರಿಯಾಟಿನಿನ್ ಒಂದರ ಸುತ್ತ ಇರಬೇಕು. ಅದು ಏರಿದರೆ ಮೂತ್ರಪಿಂಡ ಕೆಲಸ ನಿಲ್ಲಿಸುತ್ತಿದೆ ಎಂದು ಅರ್ಥ. ಪೊಟ್ಯಾಸಿಯಂ ಐದನ್ನು ದಾಟಬಾರದು, ದಾಟಿದರೆ ಹೃದಯ ಯಾವ ಗಳಿಗೆಯಲ್ಲಾದರೂ ತಾಳ ತಪ್ಪಬಹುದು. ಇಸಿಜಿಯ ಅಲೆಗಳು ಆಗಲೇ ಚೂಪಾಗಿ ಎದ್ದಿದ್ದವು. ಇಷ್ಟು ಕಷ್ಟಪಟ್ಟು ಹೃದಯ ಸರಿಮಾಡಿಕೊಂಡು ಬಂದವಳನ್ನು ಮೂತ್ರಪಿಂಡ ಕೊಂಡೊಯ್ಯುತ್ತದೆಯೇ? ನನಗೆ ಮೈಯೆಲ್ಲ ಉರಿಯಿತು.

ಪೊಟ್ಯಾಸಿಯಂನಿಂದ ಹೃದಯವನ್ನು ಕಾಯಲು ಕ್ಯಾಲ್ಸಿಯಂ ಗ್ಲುಕೊನೇಟ್, ಆಮೇಲೆ ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಟ್ಟೆವು. ಅದು ಸ್ವಲ್ಪ ಹೊತ್ತು ಕಾಯುವ ಉಪಾಯ ಅಷ್ಟೇ. ಮೂತ್ರ ನಿಂತದ್ದೇಕೆ ಎಂಬುದು ತಿಳಿಯಬೇಕು. ಹೃದಯ ಸೋತು ಹೀಗಾಗಿದ್ದರೆ ನೀರು ಕೊಡುವಂತಿಲ್ಲ. ಮೈ ಒಣಗಿ ಹೀಗಾಗಿದ್ದರೆ ನೀರೇ ಔಷಧ. ಒಂದನ್ನು ಇನ್ನೊಂದೆಂದು ತಪ್ಪು ತಿಳಿದರೆ ಮುಗಿಯಿತು.

ಇಂಜೆಕ್ಷನ್ನಿಗೆ ಸೀರೆಯ ಸೆರಗು ಸರಿಸುವಾಗ ಅದರ ತುದಿಯಲ್ಲಿ ಏನೋ ಗಂಟು ಸಿಕ್ಕಿತು. ಬಿಚ್ಚಿದೆ. ಅರ್ಧ ಒಣಗಿದ, ಉಗುರಿನಿಂದ ಗೀರಿದ ಒಂದು ನಿಂಬೆಹಣ್ಣು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಿಕ್ಕಂದಿನ ಕಲ್ಹಟ್ಟಿ ಘಾಟಿಯ ಬಸ್ಸಿನಲ್ಲಿ ಕೂತಿದ್ದೆ. ಮಸಿನಗುಡಿ ದಾಟಿ ತಿರುವುಗಳು ಶುರುವಾದ ಕೂಡಲೇ ವಾಂತಿ ಬಾರದಿರಲೆಂದು ನಾನೂ ಮೂಗಿಗೆ ಇಟ್ಟುಕೊಳ್ಳುತ್ತಿದ್ದದ್ದು ಇದನ್ನೇ. ಹೊಟ್ಟೆಗೆ ಏನೂ ಹಾಕದೆ, ಒಂದು ಗುಟುಕು ನೀರೂ ಕುಡಿಯದೆ. ಘಾಟಿಯ ದಿನ ಬರಿಹೊಟ್ಟೆಯಲ್ಲಿ ಹೊರಡುವುದು ಈ ಬೆಟ್ಟದವರಿಗೂ, ಬೆಟ್ಟಕ್ಕೆ ಬರುವ ನಮ್ಮಂಥವರಿಗೂ ಹುಟ್ಟಿನಿಂದ ಬಂದ ಪದ್ಧತಿ.

"ಗಿರಿಜೆ, ಕೊಯಮತ್ತೂರಿಂದ ಹೇಗೆ ಬಂದೆ?"

"ಬಸ್ಸುಲಿ."

"ನೀರು ಕುಡಿದೆಯಾ?"

ಅವಳು ನನಗೆ ತಲೆ ಕೆಟ್ಟಿದೆಯೇ ಎಂಬಂತೆ ನೋಡಿದಳು. "ಘಾಟಿಲಿ ಬರುವಾಗ ಯಾರು ನೀರು ಕುಡಿಯುತ್ತಾರೆ ಡಾಕ್ಟರಮ್ಮ? ಹಿಂದಿನ ರಾತ್ರಿಯಿಂದಲೇ ಕುಡಿಲಿಲ್ಲೆ. ಆದ್ರೂ ಬರ್ಲಿಯಾರ್ ತಿರುವುಲಿ ವಾಂತಿ."

ನಂಜನ್ ಉಳಿದದ್ದನ್ನು ಹೇಳಿದ. ಅಲ್ಲಿನವರು ಡೈ ಹೋಗಲಿ, ಚೆನ್ನಾಗಿ ನೀರು ಕುಡಿಸಿ ಎಂದಿದ್ದರಂತೆ. ಘಾಟಿ ಹತ್ತಿ ಮನೆಗೆ ಹೋಗಿ ಕುಡಿಸೋಣ ಅಂದುಕೊಂಡರಂತೆ. ಮನೆಯಲ್ಲಿ ಮಾಸಿಯಮ್ಮ ಇದ್ದರಲ್ಲ! ಹಳೆಯ ಅಳತೆ, ಹಳೆಯ ನೀರಿನ ಮಾತ್ರೆ, ಎರಡೂ ಚಾಚೂ ತಪ್ಪದೆ ನಡೆದಿದ್ದವು. ಸಾಲದ್ದಕ್ಕೆ ತೊಡೆಯ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಮಾತ್ರೆ. ಒಣಗಿದ ಮೂತ್ರಪಿಂಡಕ್ಕೆ ಅದು ಮತ್ತೊಂದು ಏಟು. ನಾನು ನಿಂಬೆಹಣ್ಣನ್ನು ಎತ್ತಿ ಹಿಡಿದು "ಇದೇ! ಇದೇ ಲೀಲಾ!" ಎಂದು ಕೂಗಿದೆ. ಪಾಪ, ಅವಳಿಗೆ ಏನೆಂದು ಅರ್ಥವಾಗಬೇಕು.

ಕೊಯಮತ್ತೂರಿನ ತಜ್ಞರಿಗೆ ಫೋನು ಮಾಡಿದೆ. "ಕವಾಟ ಚೆನ್ನಾಗೇ ತೆರೆದಿದೆ ಡಾಕ್ಟರ್. ಆದರೆ ಎಕೋ ಇಲ್ಲದೆ ಸಲೈನ್ ಹಾಕೋದು ಅಪಾಯ. ಡಯಾಲಿಸಿಸ್‌ಗೆ ಕಳಿಸಿಬಿಡಿ" ಎಂದರು.

"ಈ ಬಿಪಿ, ಈ ಪೊಟ್ಯಾಸಿಯಂ ಇಟ್ಟುಕೊಂಡು ಘಾಟಿ ಇಳಿಸೋದೂ ಅಪಾಯವೇ ಸರ್. ಇವಳು ಒಣಗಿದ್ದಾಳೆ. ನನಗೆ ಮಧ್ಯಾಹ್ನದ ತನಕ ಸಮಯ ಕೊಡಿ."

ಅವರು ಒಪ್ಪಿದರು. "ಸರಿ. ವ್ಯಾನ್ ಬಾಗಿಲಲ್ಲೇ ಇರಲಿ. ಶ್ವಾಸಕೋಶದಲ್ಲಿ ಸ್ವಲ್ಪ ಸದ್ದು ಕೇಳಿದರೂ ನಿಲ್ಲಿಸಿ ಹೊರಡಿಸಿ."

ಸಲೈನ್ ಬಾಟಲಿ ಕಂಡದ್ದೇ ಮಾಸಿಯಮ್ಮ ಮಂಚಕ್ಕೆ ಅಡ್ಡ ನಿಂತರು. ಬಿಳಿ ಮುಂಡು, ಬಿಳಿ ತಲೆವಸ್ತ್ರ, ನನ್ನ ಭುಜದೆತ್ತರದ ಮುದುಕಿ. ಅಲ್ಲಾಡಿಸಲು ಸಾಧ್ಯವಿರಲಿಲ್ಲ.

"ನೀವೇ ಅಲ್ಲವಾ ನೀರು ವಿಷ ಅಂದದ್ದು? ಈಗ ಬಾಟಲಿಲಿ ಹಾಕುತ್ತೀರಾ? ಎನ್ನ ಗಿರಿಜೆಯ ಬಾಯಲ್ಲಿ ನೊರೆ ಬಂದದ್ದು ನಾ ನೋಡಿದ್ದೆ. ಇನ್ನೊಂದು ಸಲ ನೋಡಲಾರೆ!"

ಆಕೆಯ ಕಣ್ಣಲ್ಲಿ ನೀರು ತುಂಬಿತ್ತು. ಗದರಬೇಕೆಂದು ಬಾಯಿ ತೆರೆದವಳು ಬಾಟಲಿಯನ್ನು ಕೆಳಗಿಟ್ಟೆ. ಆಮೇಲೆ ಕೆತ್ತಿಯ ತೋಟದ ಭಾಷೆಯಲ್ಲೇ ಹೇಳಿದೆ. "ಮಾಸಿಯಮ್ಮ, ಕಾಲುವೆಗೆ ಕಲ್ಲು ಅಡ್ಡ ಬಿದ್ದಿತ್ತು. ನೀರು ಬಿಟ್ಟರೆ ಮೇಲಿನ ಪಾತಿ ಮುಳುಗುತ್ತಿತ್ತು. ಅದಕ್ಕೆ ಬೇಡ ಅಂದೆ. ಈಗ ಕಲ್ಲು ತೆಗೆದಿದ್ದಾರೆ. ನೀರು ಬಿಡದಿದ್ದರೆ ಕೆಳಗಿನ ಪಾತಿ ಒಣಗುತ್ತೆ."

ಆಕೆ ಮಗನ ಮುಖ ನೋಡಿದರು. ನಂಜನ್ ಹೆಂಡತಿಯ ಮುಖ ನೋಡಿದ. ಗಿರಿಜೆಯೇ ಕೈ ಚಾಚಿದಳು. "ಹಾಕಿ. ಮೂರು ದಿನದಿಂದ ಎನಗ ದಾಹ."

ಇನ್ನೂರು ಎಂಎಲ್ ಸಲೈನ್, ಆಮೇಲೆ ನಿಲ್ಲಿಸಿ ಬೆನ್ನಿಗೆ ಸ್ಟೆತೊಸ್ಕೋಪ್. ಕತ್ತಿನ ರಕ್ತನಾಳ ಉಬ್ಬಿದೆಯೇ ಎಂದು ನೋಡುವುದು. ಮತ್ತೆ ಇನ್ನೂರು. ಬಿಪಿ ತೊಂಬತ್ತು ದಾಟಿತು. ನಳಿಗೆಯ ಚೀಲ ಮಾತ್ರ ಹಾಗೇ ಇತ್ತು. ಅಷ್ಟು ಹೊತ್ತಿಗೆ ಹಟ್ಟಿಯ ಜನ ಬಂದು ವರಾಂಡ ತುಂಬಿಬಿಟ್ಟಿದ್ದರು. ಒಬ್ಬರ ಮನೆಯ ಕಾಯಿಲೆ ಇಡೀ ಹಟ್ಟಿಯ ಕಾಯಿಲೆ ಅವರಿಗೆ. ನಾನು ಬಾಗಿಲಿಗೆ ಬಂದಾಗಲೆಲ್ಲ "ಬಂತಾ?" ಎಂದು ಒಟ್ಟಿಗೆ ಕೇಳುತ್ತಿದ್ದರು. ನಾಚಿಕೆ, ಸಂಕೋಚ ಏನೂ ಇಲ್ಲ, ಎಲ್ಲರ ಚಿಂತೆಯೂ ಗಿರಿಜೆಯ ಮೂತ್ರದ್ದೇ.

ಮೂರನೆಯ ಸಲ ಮುಗಿಸಿ ಬೆನ್ನಿಗೆ ಕಿವಿ ಕೊಟ್ಟೆ. ಎಡಗಡೆ ಕೆಳಗೆ ಚಿಟಿಚಿಟಿ ಸದ್ದು. ಶ್ವಾಸಕೋಶಕ್ಕೆ ನೀರು ಇಳಿಯುವಾಗ ಮೊದಲು ಕೇಳುವುದು ಇದೇ ಸದ್ದು. ಹೊರಗೆ ವ್ಯಾನಿನ ಡ್ರೈವರ್ ಇಂಜಿನ್ ಶುರುಮಾಡಿ ನೋಡುತ್ತಿದ್ದ. ಮಂಜು ಇಳಿದರೆ ಘಾಟಿಯಲ್ಲಿ ದಾರಿ ಕಾಣುವುದಿಲ್ಲ ಎಂದು ಆಗಲೇ ಎರಡು ಸಲ ಹೇಳಿಕಳಿಸಿದ್ದ.

"ಗಿರಿಜೆ, ಜೋರಾಗಿ ಕೆಮ್ಮು."

ಕೆಮ್ಮಿದಳು. ಮತ್ತೆ ಕಿವಿ ಕೊಟ್ಟೆ. ಸದ್ದು ಅಲ್ಲೇ ಇತ್ತು.

"ಇನ್ನೊಮ್ಮೆ. ಹಟ್ಟಿಗೆಲ್ಲ ಕೇಳಬೇಕು!"

ಅವಳು ಮಂಚ ಅಲುಗುವಂತೆ ಕೆಮ್ಮಿದಳು. ಸದ್ದು ಹೋಯಿತು. ಮಲಗಿಯೇ ಇದ್ದವಳ ಎದೆಯಲ್ಲಿ ಕಟ್ಟಿಕೊಂಡ ಕಫ ಅಷ್ಟೇ. ನೀರಿನದಾಗಿದ್ದರೆ ಕೆಮ್ಮಿಗೆ ಹೋಗುತ್ತಿರಲಿಲ್ಲ. ಎರಡೂ ಕಡೆ ಮೂರು ಮೂರು ಸಲ ಕೇಳಿ ಖಚಿತ ಮಾಡಿಕೊಂಡು, ನಾಲ್ಕನೆಯ ಇನ್ನೂರನ್ನು ತೆರೆದೆ. ನನ್ನ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ, ರೋಗಿಯದು ಯಾವುದು ನನ್ನದು ಯಾವುದು ಎಂದು ಗೊತ್ತಾಗುವಂತಿರಲಿಲ್ಲ.

ಅದು ಅರ್ಧ ಇಳಿದಿರಬಹುದು. ಮಂಚದ ಪಕ್ಕ ಮಂಡಿಯೂರಿ ಚೀಲ ಕಾಯುತ್ತಿದ್ದ ಲೀಲಾ ಗೂಡಲೂರು ಕಡೆಯ ಹುಡುಗಿ. ನಮ್ಮೊಂದಿಗೆ ತಮಿಳು, ಕನ್ನಡ ಎರಡನ್ನೂ ನೀಟಾಗಿ ಆಡುತ್ತಿದ್ದವಳು ಒಮ್ಮೆಲೇ ಎಲ್ಲ ಮರೆತು ಮಲಯಾಳದಲ್ಲಿ ಚೀರಿದಳು. "ವನ್ನು ಮೇಡಂ! ವನ್ನು!"

ಬಂತು! ನಳಿಗೆಯಲ್ಲಿ ಒಂದು ಹನಿ. ಹಿಂದೆಯೇ ಇನ್ನೊಂದು. ಆಮೇಲೆ ಹನಿಗಳು ಸೇರಿ ಎಳೆಯಾದವು. ನಾನೂ ಮಂಡಿಯೂರಿದೆ. ಮಾಸಿಯಮ್ಮ ನನ್ನ ಪಕ್ಕದಲ್ಲಿ ಕೂತು, ಚೀಲವನ್ನು ಬೆಳಕಿಗೆ ಹಿಡಿದು ನೋಡಿ, ತೀರ್ಪು ಕೊಟ್ಟರು. "ಬಣ್ಣ ತಿಳಿಯಾಗುತ್ತಾ ಇದೆ." ನಾನು "ಬಂತು!" ಎಂದು ಕೂಗಿದ್ದು ವರಾಂಡದಲ್ಲಿ ಪ್ರತಿಧ್ವನಿಸಿತು. ಹಟ್ಟಿಯ ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಂಜನ್ ಗೋಡೆಗೆ ಮುಖ ಮಾಡಿ ಅತ್ತ. ಡ್ರೈವರ್ ಇಂಜಿನ್ ಆರಿಸಿ ಚಹಾ ಕುಡಿಯಲು ಹೋದ.

ಸಂಜೆಯ ಹೊತ್ತಿಗೆ ಇಸಿಜಿಯ ಅಲೆಗಳು ತಗ್ಗಿದ್ದವು. ಮುಂದಿನ ದಿನಗಳಲ್ಲಿ ಕ್ರಿಯಾಟಿನಿನ್ ಇಳಿಯುತ್ತಾ ಬಂದು, ವಾರ ಕಳೆಯುವುದರೊಳಗೆ ೧.೧ಕ್ಕೆ ನಿಂತಿತು. ಡಯಾಲಿಸಿಸ್ ಬೇಕಾಗಲಿಲ್ಲ. ಎಲ್ಲರಿಗೂ ಹೀಗೆ ಸುಖಾಂತ್ಯವಾಗುವುದಿಲ್ಲ. ಡೈಯ ಪೆಟ್ಟು ಆಳವಾಗಿದ್ದರೆ ಎಷ್ಟು ಸಲೈನ್ ಹಾಕಿದರೂ ಮೂತ್ರಪಿಂಡ ಕೂಡಲೇ ಕಣ್ಣು ತೆರೆಯುವುದಿಲ್ಲ. ಗಿರಿಜೆಯ ಅದೃಷ್ಟ, ಅವಳದು ಹೆಚ್ಚಿನ ಪಾಲು ಬರೀ ಒಣಗಿದ್ದು.

ಆ ಮೇಲೆ ನಾನು ಕೆಲಸ ಮಾಡಿದಷ್ಟು ವರ್ಷವೂ, ಕೆಳಗಿನಿಂದ ಕ್ಯಾಥೆಟರ್ ಚಿಕಿತ್ಸೆ ಮುಗಿಸಿ ಬಂದವರಿಗೆ ಮೊದಲು ಕೇಳಿದ ಪ್ರಶ್ನೆ "ಘಾಟಿ ಹೇಗೆ ಹತ್ತಿದಿರಿ?" ಎನ್ನುವುದೇ. ಕೆಳಗೆ ಹೋಗುವವರಿಗೆ, ಚಿಕಿತ್ಸೆ ಆದ ಮಾರನೆಯ ದಿನ ಅಲ್ಲೇ ಉಳಿದು ನೀರು ಕುಡಿದು, ಮೂತ್ರ ಸರಾಗವಾದ ಮೇಲೆಯೇ ಬಸ್ ಹತ್ತಿ ಎನ್ನುತ್ತಿದ್ದೆ. ರೋಗಿಯ ಕಥೆ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವುದಿಲ್ಲ. ಅವರು ಮನೆಗೆ ಹೋಗುವ ದಾರಿಯೂ ಚಿಕಿತ್ಸೆಯ ಒಂದು ಭಾಗ. ಈ ವೃತ್ತಿ ನನಗೆ ಕಲಿಸಿದ್ದು ಅದು.

ಕೆಲವು ತಿಂಗಳ ನಂತರ ಗಿರಿಜೆ ಕೊಯಮತ್ತೂರಿಗೆ ಮರುಪರೀಕ್ಷೆಗೆ ಹೋಗಿ, ಬಸ್ಸಿಳಿದವಳು ನೇರವಾಗಿ ನಮ್ಮಲ್ಲಿಗೆ ಬಂದಳು. ಮೆಟ್ಟಿಲುಗಳನ್ನು ದಡದಡ ಹತ್ತಿ ಬಂದ ಅವಳ ಹಿಂದೆ ಏದುಸಿರು ಬಿಡುತ್ತಾ ಮಾಸಿಯಮ್ಮ, ಅವರ ಕಂಕುಳಲ್ಲಿ ಒಂದು ದೊಡ್ಡ ನೀರಿನ ಬಾಟಲಿ. ಗಿರಿಜೆಯ ಮುಖ ಬಿಳಿಚಿಕೊಂಡಿತ್ತು, ಕೂದಲು ಕೆದರಿತ್ತು, ಸೀರೆಯ ಮೇಲೆ ಕಲೆ. ನನಗೆ ಗಾಬರಿಯಾಯಿತು.

"ಏನಾಯ್ತು ಗಿರಿಜೆ?"

"ಮೂರು ತಿರುವುಲಿ ವಾಂತಿ ಡಾಕ್ಟರಮ್ಮ!" ಎಂದಳು, ಪದಕ ಗೆದ್ದವರ ದನಿಯಲ್ಲಿ, ಅತ್ತೆಯತ್ತ ಕೈ ತೋರಿಸುತ್ತಾ. "ಪ್ರತಿ ಸಲವೂ ಮಾಮಿ ಮತ್ತೆ ಕುಡಿಸಿದಾ. ಬಸ್ಸೆಲ್ಲ ಬೈದರು. ಬಾಟಲಿ ನೋಡಿ!"

ಮಾಸಿಯಮ್ಮ ಬಾಟಲಿಯನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. ಅದು ಖಾಲಿಯಾಗಿತ್ತು.