ಉಣಕಲ್ ಕೆರೆಯ ದೋಣಿಗೆ ನವಾರ ಕಟ್ಟಿದ್ದು

ನಿನ್ನೆ ಮಂಚಕ್ಕೆ ಹೆಣೆಯುವ ಅಗಲ ಪಟ್ಟಿ, ಹೊಸ ನವಾರ, ತಂದರು. ಸುರುಳಿ ಬಿಚ್ಚಿದೊಡನೆ ಗಂಜಿ ಹಾಕಿದ ಹತ್ತಿಯ ವಾಸನೆ ಮೂಗಿಗೆ ಬಡಿಯಿತು. ನನಗೆ ನೆನಪಾದದ್ದು ದೋಣಿ. ಧಾರವಾಡದ ಹೆಂಗಸಿಗೆ ಎಲ್ಲಿಯ ದೋಣಿ ಎಂದು ನೀವು ನಗಬಹುದು. ನಮ್ಮ ಅತ್ತೆಯವರೂ ಮೊದಲು ನಕ್ಕಿದ್ದರು.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಒಬ್ಬ ಇಂಗ್ಲಿಷ್ ಅಧಿಕಾರಿಯ ಮಗನಿಗೆ ಗಣಿತ ಹೇಳಿಕೊಡುತ್ತಿದ್ದರು. ಆ ಸಾಹೇಬ ವರ್ಗವಾಗಿ ಹೋಗುವಾಗ, ಉಣಕಲ್ ಕೆರೆಯಲ್ಲಿದ್ದ ತನ್ನ ಹಾಯಿದೋಣಿಯನ್ನು ಇವರಿಗೆ ಕೊಟ್ಟುಬಿಟ್ಟ. ಬೇರೆಯವರಾಗಿದ್ದರೆ ಅದನ್ನು ಮಾರಿ ಎಮ್ಮೆ ಕಟ್ಟುತ್ತಿದ್ದರು. ಇವರು ದೋಣಿಯ ಪುಸ್ತಕ ತಂದರು.

"ನಿನಗ ಈಜಲಿಕ್ಕೆ ಬರ್ತದೇನು?" ಅತ್ತೆ ಮಗನನ್ನು ಕೇಳಿದರು.

"ಇಲ್ಲ."

"ಆಕೀಗೆ?"

"ಆಕೀಗೂ ಇಲ್ಲ. ಅದಕ್ಕ ಹಗ್ಗ ಕಟ್ಟಬೇಕಂತ ಮಾಡೀನಿ."

ದೋಣಿಯ ಮೇಲೆ ಓಡಾಡುವವರು ಅಲ್ಲಿ ಬಿಗಿದ ಹಗ್ಗಕ್ಕೆ ತಮ್ಮನ್ನು ಕಟ್ಟಿಕೊಳ್ಳಬೇಕು ಎಂದು ಪುಸ್ತಕದಲ್ಲಿತ್ತು. ಎಂಥ ಹಗ್ಗ, ಎಲ್ಲಿ ಬಿಗಿಯಬೇಕು ಎಂಬುದನ್ನು ಬರೆದವನು ನುಂಗಿಹಾಕಿದ್ದ. ಹಾಗಾಗಿ ನಾವು ಕಾಸೀಂಸಾಬರ ಬಳಿಗೆ ಹೋದೆವು. ಉಣಕಲ್ ರಸ್ತೆಯ ಮೇಲೆ ಅವರದು ಟಾಂಗಾ ರಿಪೇರಿಯ ಅಂಗಡಿ. ಹರೆಯದಲ್ಲಿ ತಮ್ಮನ ಜೊತೆ ಮುಂಬಯಿಗೆ ಹೋಗಿ, ಸರಕಿನ ಹಾಯಿಹಡಗಿನಲ್ಲಿ ಹಲವು ವರ್ಷ ದುಡಿದು ಬಂದವರು. ಮಾತು ಕಡಿಮೆ. ನನ್ನದೋ, ನಿಮಗೆ ಇಷ್ಟರಲ್ಲೇ ತಿಳಿದಿರಬೇಕು. ಪ್ರಶ್ನೆಯ ಮೇಲೆ ಪ್ರಶ್ನೆ.

ಇವರು ಬಾವಿಯ ಹಗ್ಗ ಒಯ್ದಿದ್ದರು. ಕಾಸೀಂಸಾಬರು ಕೆರೆಗೆ ಬಂದು ಅದನ್ನು ದೋಣಿಯ ಹಲಗೆಯ ಮೇಲೆ ಉದ್ದಕ್ಕೆ ಬಿಗಿದು, "ಇದರ ಮ್ಯಾಲ ಕಾಲಿಟ್ಟು ನಡೀರಿ ಮಾಸ್ತರ್ರ," ಅಂದರು. ದೋಣಿ ಇನ್ನೂ ದಂಡೆಯ ಮೇಲೆಯೇ ಇತ್ತು. ಎರಡನೆಯ ಹೆಜ್ಜೆಗೆ ಹಗ್ಗ ಕಾಲ ಕೆಳಗೆ ಉರುಳಿತು, ಮಾಸ್ತರರು ಧೊಪ್ಪನೆ ಕೂತರು.

"ದುಂಡಂದು ಉಳ್ಳತೈತ್ರಿ. ಕಾಪಾಡೋ ಹಗ್ಗಽ ಕೆಡವಿದ್ರ ಏನು ಬಂತು?"

"ಹಂಗಾರ ಚಪ್ಪಟಿ ಇರಬೇಕಲ್ಲ?" ಎಂದೆ ನಾನು. "ನವಾರ ನಡೀತದೇನ್ರಿ?"

ಅವರು ನನ್ನ ಮುಖ ನೋಡಿದರು. "ನಡೀತೈತ್ರಿ ಅಕ್ಕಾರ. ಛಲೋ ನಡೀತೈತಿ."

ನಾನು ಉಬ್ಬಿಹೋದೆ. ಮನೆಗೆ ಬಂದು ಅತಿಥಿಗಳ ಮಂಚದ ನವಾರ ಬಿಚ್ಚಿದೆ. ಅತ್ತೆಯವರ ನಗು ನಿಂತದ್ದು ಆಗ. ಎರಡು ಪದರ ಜೋಡಿಸಿ ದಬ್ಬಣದಿಂದ ಹೊಲಿದೆ, ಎರಡೂ ತುದಿಗೆ ಕುಣಿಕೆ ಮಾಡಿದೆ. ಕಾಸೀಂಸಾಬರು ಅದನ್ನು ಎರಡು ಬೇವಿನ ಮರಗಳ ನಡುವೆ ಕಟ್ಟಿ, ನೀರು ಸುರಿದು, ತಾವೇ ಜೋತುಬಿದ್ದು ನೋಡಿದರು. ನಂತರ ದೋಣಿಯ ಮೂತಿಯಿಂದ ಹಿಂಬದಿಯವರೆಗೆ, ಅಂಚಿಗಲ್ಲ, ನಟ್ಟನಡುವೆ ಬಿಗಿದರು. ಒಬ್ಬೊಬ್ಬರ ಎದೆಗೂ ಕಟ್ಟಲು, ಟಾಂಗಾ ಕುದುರೆಗೆ ಬಿಗಿಯುವ ತೊಗಲಿನ ಪಟ್ಟಾ ಕೊಯ್ದರು. ಪ್ರತಿ ಪಟ್ಟಾದಿಂದ ನವಾರಕ್ಕೆ ಒಂದು ತುಂಡು ಹಗ್ಗ, ಅದರ ತುದಿಗೆ ಹಿತ್ತಾಳೆಯ ಕೊಂಡಿ.

ಜಗಳ ಹುಟ್ಟಿದ್ದು ಆ ತುಂಡಿನ ಉದ್ದಕ್ಕೆ. ಅದು ಎರಡು ಮೊಳವೂ ಇರಲಿಲ್ಲ.

"ಇಷ್ಟ ಗಿಡ್ಡ ಇದ್ರ ಕೈ ಆಡೂದಿಲ್ಲ. ನಾಲ್ಕು ಮೊಳ ಮಾಡ್ರಿ," ಇವರೆಂದರು.

"ಇಲ್ರಿ."

"ಯಾಕ? ಹಗ್ಗ ಗಟ್ಟಿ ಅದ ಅಂತ ನೀವಽ ಅಂದ್ರಿ."

"ಗಟ್ಟಿ ಐತ್ರಿ. ಉದ್ದ ಮಾಡೂದಿಲ್ಲ." ಅಷ್ಟು ಹೇಳಿ ಅವರು ಬೀಡಿ ಹಚ್ಚಿದರು. ಮಾಸ್ತರರ ವಿಜ್ಞಾನಕ್ಕೆ ಹಗ್ಗ ಉದ್ದವಾಗಲಿಲ್ಲ.

ಒಂದು ರವಿವಾರ ಮುಂಜಾನೆ ಮೂವರೂ ಹೊರಟೆವು. ಇಲಕಲ್ ಸೀರೆಯ ಮೇಲೆ ಕುದುರೆಯ ಪಟ್ಟಾ ಬಿಗಿದುಕೊಂಡ ನನ್ನನ್ನು ನೋಡಲು, ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿದರು. ಚುಕ್ಕಾಣಿಯ ಹಿಡಿಕೆ ನನ್ನ ಕೈಗೆ ಬಂತು. ಕೆರೆಯ ನಡುವೆ ಹೋದಾಗ ಹಾಯಿಯ ಹಗ್ಗ ಸಿಕ್ಕಿಕೊಂಡಿತು. ಇವರು ಅದನ್ನು ಬಿಡಿಸಲು ಮುಂದೆ ಹೋದರು. ಅದೇ ಹೊತ್ತಿಗೆ ಗಾಳಿ ಬಡಿದು ದೋಣಿ ವಾಲಿತು. ಇವರು ಜಾರಿದರು. ಎದೆ ದೋಣಿಯ ಅಂಚಿಗೆ ಬಡಿದು, ಮುಖ ನೀರಿಗೆ ಒಂದು ಗೇಣು ಇರುವಾಗ ಕೊಂಡಿಯ ಹಗ್ಗ ಫಟ್ಟನೆ ಬಿಗಿಯಿತು. ಕನ್ನಡಕ ಕೆರೆಗೆ ಹೋಯಿತು. ಮನುಷ್ಯ ಉಳಿದ.

"ಹಿಡಿಕಿ ಹಾಯಿ ಕಡೆ ತಳ್ರಿ ಅಕ್ಕಾರ! ಲಗೂ!"

ತಳ್ಳಿದೆ. ದೋಣಿ ಗಾಳಿಗೆ ಮುಖ ತಿರುಗಿಸಿತು, ಹಾಯಿ ಪಟಪಟ ಬಡಿದುಕೊಂಡು ಸಡಿಲವಾಯಿತು, ದೋಣಿ ನೆಟ್ಟಗಾಯಿತು. ಕಾಸೀಂಸಾಬರು ಇವರ ಪಟ್ಟಾ ಹಿಡಿದು ಒಳಗೆ ಎಳೆದರು. ಹಿಡಿಕೆಯಿಂದ ನನ್ನ ಬೆರಳು ಬಿಡಿಸಲು ನನಗೇ ಆಗಲಿಲ್ಲ.

ದಂಡೆಗೆ ಬಂದ ಮೇಲೆ ಇವರು ಎದೆ ತಿಕ್ಕಿಕೊಳ್ಳುತ್ತ, "ನಾಲ್ಕು ಮೊಳ ಇದ್ದಿದ್ರ ನೀರಾಗ ಬೀಳ್ತಿದ್ದೆ. ಆದರೂ ಎಳಕೋತಿದ್ರಿ, ಹೌದಲ್ಲೋ?" ಅಂದರು.

ಕಾಸೀಂಸಾಬರು ನವಾರ ಬಿಚ್ಚುತ್ತಿದ್ದರು. ತಲೆ ಎತ್ತದೆ ಹೇಳಿದರು: "ನನ್ನ ತಮ್ಮಂದು ಉದ್ದ ಇತ್ರಿ. ಹಡಗು ಓಡಾಕತ್ತಿತ್ತು. ಬದಿಗೆ ಬಿದ್ದಾಂವ ನೀರಾಗ ಎಳಕೋತ ಬಂದ. ನಾವು ನಾಲ್ಕು ಮಂದಿ ಎಳದ್ವಿ, ಮ್ಯಾಲ ತರಾಕ ಆಗಲಿಲ್ಲ. ಹಡಗು ನಿಲ್ಲೂದ್ರಾಗ ಮುಗದಿತ್ತು." ಕೊನೆಯ ಗಂಟು ಬಿಚ್ಚಿ ಅಂದರು, "ಹಗ್ಗ ಹರದಿರಲಿಲ್ರಿ."

ನವಾರವನ್ನು ಸುತ್ತಿ ನನ್ನ ಕೈಗೆ ಕೊಟ್ಟು, ಅಂಗಡಿ ತೆರೆಯಲು ಹೋದರು.

ಆಮೇಲೆ ಎರಡು ಚಳಿಗಾಲ ದೋಣಿ ನಡೆಸಿದೆವು. ಕಾಸೀಂಸಾಬರು ಈಗಿಲ್ಲ. ಬಂದವರಿಗೆಲ್ಲ ನಾನು ಈ ಕಥೆ ಹೇಳಿದ್ದೇನೆ. ಪ್ರತಿ ಸಲ ಕನ್ನಡಕ ಬಿದ್ದಲ್ಲಿಗೆ ನಿಲ್ಲಿಸಿ ನಗಿಸಿದ್ದೇನೆ. ಇಂದು ಕೊನೆಯವರೆಗೆ ಬರೆದೆ. ಕಾಸೀಂಸಾಬರ ತಮ್ಮನ ಮಾತು ಬರೆಯುವಾಗ ಪೆನ್ನು ನಿಂತಿತು. ದಾರದಿಂದ ದಬ್ಬಣದವರೆಗೆ ಎಲ್ಲವನ್ನೂ ಕೇಳಿದವಳು, ಆ ಹುಡುಗನ ಹೆಸರು ಕೇಳಿಯೇ ಇರಲಿಲ್ಲ.

ಕಾಸೀಂಸಾಬರ ಮಗಳು ಹುಬ್ಬಳ್ಳಿಯಲ್ಲಿದ್ದಾಳೆ. ನಾಳೆ ಮುಂಜಾನೆಯ ಬಸ್ಸಿಗೆ ಹೋಗುತ್ತೇನೆ.