ಬೋರ್ಡಿಗೆ ಟಿಕೀಟಿಲ್ಲ

ಮೊನ್ನೆ ನಮ್ಮ ಓಣಿಯ ಮೂಲೆಯ ದರ್ಜಿ ಅಂಗಡಿಗೆ ಹೊಸ ಬೋರ್ಡು ಬರೆಸುತ್ತಿದ್ದರು. ಎಲ್ಲರೂ ಫ್ಲೆಕ್ಸ್ ಹಾಕಿಸಿ ಕೈ ತೊಳೆದುಕೊಳ್ಳುವ ಈ ಕಾಲದಲ್ಲಿ ಆ ದರ್ಜಿಗೆ ಮಾತ್ರ ಬಣ್ಣದಲ್ಲೇ ಬರೆಸುವ ಹಟ. ಏಣಿ ಹತ್ತಿದ ಪೇಂಟರ್ ಕನ್ನಡದ ಸಾಲು ಮುಗಿಸಿ, ಅದರ ಕೆಳಗೆ ಉರ್ದು ಸಾಲನ್ನು ಬಲದಿಂದ ಎಡಕ್ಕೆ ಎಳೆಯುತ್ತಿದ್ದ. ಹಸಿ ಬಣ್ಣದ ವಾಸನೆ ಮೂಗಿಗೆ ಬಡಿಯಿತು ನೋಡಿ, ಬದನೆಕಾಯಿ ಚೀಲ ಹಿಡಿದು ಬಿಸಿಲಲ್ಲಿ ನಿಂತೇಬಿಟ್ಟೆ. ಆ ವಾಸನೆಗೆ ನನಗೆ ಹೈದರಾಬಾದು ನೆನಪಾಗುತ್ತದೆ. ಹೈದರಾಬಾದಿನ ಹಿಂದೆ ಅಪ್ಪ ಬರುತ್ತಾನೆ. ಅಪ್ಪ ಬಂದ ದಿನ ನನಗೆ ಊಟ ಸೇರುವುದಿಲ್ಲ.

ಅಪ್ಪ ಓದಿದ್ದು ನಿಜಾಮನ ಕಾಲದಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ನಮ್ಮ ಕಡೆ ಆ ತಲೆಮಾರಿನ ಗಂಡಸರ ಕಥೆಯೇ ಅದು. ಉಳಿದವರು ಮರೆತರು, ಅಪ್ಪನಿಗೆ ಅದೇ ಹೊಟ್ಟೆಪಾಡಾಯಿತು. ದಿನಾ ಮಸ್ಕಿಯಿಂದ ಬಸ್ಸು ಹಿಡಿದು ಲಿಂಗಸುಗೂರಿಗೆ ಹೋಗಿ ತಹಸೀಲ್ ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಕೂರುತ್ತಿದ್ದ. ಅರ್ಜಿ ಬರೆಯುವವರು ಅಲ್ಲಿ ಬೇಕಾದಷ್ಟಿದ್ದರು. ಹಳೆಯ ಉರ್ದು ಕಾಗದ ಓದಿ ಹೇಳುವವನು ಅವನೊಬ್ಬನೇ. ಸಿಂಧನೂರಿನ ಕಡೆ ಕಾಲುವೆ ಬಂದು ನೆಲಕ್ಕೆ ಬೆಲೆ ಏರಿದ್ದೇ ತಡ, ಜನ ಟ್ರಂಕಿನ ತಳದಿಂದ ಅಜ್ಜ ಮುತ್ತಜ್ಜಂದಿರ ಹೊಲದ ಕಾಗದ ಹೊರತೆಗೆದರು. ಅಪ್ಪ ಕಾಗದವನ್ನು ಮೊದಲು ಕಣ್ಣಿಗೊತ್ತಿಕೊಂಡು, ಮನಸ್ಸಿನಲ್ಲಿ ಓದಿಕೊಂಡು, ಆಮೇಲೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಿದ್ದ. ಅವನು ಹೇಳಿದ ಮೇಲೆ ಅಣ್ಣತಮ್ಮಂದಿರು ಜಗಳ ಬಿಟ್ಟು ಎದ್ದು ಹೋದದ್ದನ್ನು ನಾನೇ ಕಂಡಿದ್ದೇನೆ.

ಎಂಬತ್ತರ ದಶಕದ ನಡುವೆ ಅವನ ಕಣ್ಣುಗಳು ಮಂಜಾಗತೊಡಗಿದವು. ಅವ್ವ ತೀರಿಕೊಂಡಿದ್ದಳು, ನಾನು ಒಬ್ಬಳೇ ಮಗಳು, ಕಾಲೇಜು ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಒಂದು ಚೀಲ ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಂಡು ಬೇಸಿಗೆಯ ಮೊದಲಿಗೆ ಹೈದರಾಬಾದಿಗೆ ಹೋದೆವು. ಚಾರ್ಮಿನಾರಿನ ಹಿಂದಿನ ಓಣಿಯೊಂದರಲ್ಲಿ ಜುಬೇದಾ ಆಪಾ ಇದ್ದಳು. ಅಪ್ಪನ ಗೆಳೆಯನ ಮಗಳು, ಮಸ್ಕಿಯಲ್ಲೇ ಹುಟ್ಟಿ ಅಲ್ಲಿಗೆ ಮದುವೆಯಾಗಿ ಹೋದವಳು. ಅವಳ ಮನೆಯ ಮೇಲಿನ ತಗಡಿನ ಕೋಣೆ ನಮಗೆ ಸಿಕ್ಕಿತು. ಹಗಲು ಅದರೊಳಗೆ ಕೂತರೆ ನಾವೂ ರೊಟ್ಟಿಯಂತೆ ಕಟಕಾಗುತ್ತಿದ್ದೆವು.

ಕಣ್ಣಿನ ದವಾಖಾನೆಯಲ್ಲಿ ಡಾಕ್ಟರು ಅಪ್ಪನ ಜೊತೆ ಬಹಳ ಹೊತ್ತು ಉರ್ದುವಿನಲ್ಲಿ ಮಾತಾಡಿದರು. ನಮ್ಮ ಬಜಾರದ ಹರಕು ಮುರುಕು ಉರ್ದು ನನಗೆ ತಿಳಿಯುತ್ತಿತ್ತು. ಇವರಿಬ್ಬರ ಕಚೇರಿ ಉರ್ದು ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಹೊರಗೆ ಬಂದು ಏನಂದರು ಎಂದು ಕೇಳಿದೆ.

“ಹನಿ ಕೊಟ್ಟಾರ. ಎರಡು ತಿಂಗಳು ಇಲ್ಲೇ ಇದ್ದು ವಾರಕ್ಕೊಮ್ಮೆ ತೋರಸ್ಕೋತ ಇರ್ರಿ ಅಂದಾರ,” ಎಂದ ಅಪ್ಪ.

ನನಗೋ ಖುಷಿಯೇ ಖುಷಿ. ಎರಡು ತಿಂಗಳು ದೊಡ್ಡ ಊರು! ಎತ್ತರದ ಬಸ್ಸಿನ ಮೇಲಿನ ಅಂತಸ್ತು, ತಂಪು ಥೇಟರು, ಗಾಜಿನ ಅಂಗಡಿ ಎಲ್ಲ ಕಣ್ಣ ಮುಂದೆ ಬಂದವು. ಅಪ್ಪನ ಕಣ್ಣಿನ ಚಿಂತೆ ಅವುಗಳ ಹಿಂದೆ ಎಲ್ಲೋ ಕೂತಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಆದರೆ ಅಪ್ಪನ ಲೆಕ್ಕವೇ ಬೇರೆಯಿತ್ತು. ಬೆಳಿಗ್ಗೆ ಬಿಸಿಲೇರುವ ಮುಂಚೆ ನನ್ನ ಹೆಗಲ ಮೇಲೆ ಕೈಯಿಟ್ಟು ಹೊರಡಿಸುತ್ತಿದ್ದ. ಚಾರ್ಮಿನಾರು ಹತ್ತೋಣವೆಂದರೆ ಬೇಡ, ಮ್ಯೂಸಿಯಮ್ಮು ಬೇಡ, ಥೇಟರಂತೂ ಬೇಡವೇ ಬೇಡ.

“ಬೋರ್ಡಿಗೆ ಟಿಕೀಟಿಲ್ಲವ್ವಾ. ಬೋರ್ಡು ಓದು,” ಎನ್ನುತ್ತಿದ್ದ.

ಪತ್ಥರಗಟ್ಟಿಯ ಕಲ್ಲಿನ ಕಮಾನುಗಳ ಕೆಳಗಿಂದ ಮದೀನಾ ಕಡೆಗೆ, ಮೂಸಿಯ ಸೇತುವೆ ದಾಟಿ ಅಫ್ಜಲ್‌ಗಂಜಿಗೆ, ಒಮ್ಮೊಮ್ಮೆ ನಾಂಪಲ್ಲಿವರೆಗೂ ನಡೆದೇ ಹೋಗುತ್ತಿದ್ದೆವು. ಅಂಗಡಿ ಅಂಗಡಿಯ ಮುಂದೆ ನಿಲ್ಲಿಸಿ ಉರ್ದು ಬೋರ್ಡು ಓದಿಸುತ್ತಿದ್ದ. ಬಿಡಿ ಅಕ್ಷರಗಳನ್ನು ಮೊದಲ ವಾರದಲ್ಲೇ ತಗಡಿನ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದ ಕಲಿಸಿದ್ದ. ಬಿಡಿಯಾಗಿದ್ದಾಗ ಅವು ಸಾಧು ಪ್ರಾಣಿಗಳು. ಒಂದಕ್ಕೊಂದು ಸೇರಿದವೋ, ಯಾವುದರ ತಲೆ ಎಲ್ಲಿ, ಬಾಲ ಎಲ್ಲಿ ಎಂದು ಗುರುತೇ ಸಿಗದು. ನಾನು ತಡವರಿಸುತ್ತಿದ್ದೆ, ಅಪ್ಪ ಕಾಯುತ್ತ ನಿಂತಿರುತ್ತಿದ್ದ, ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು, ಹೋಗಿ ಬರುವವರು ನಮಗೆ ಡಿಕ್ಕಿ ಹೊಡೆಯುತ್ತಿದ್ದರು.

ಆಗ ನನಗೊಂದು ಉಪಾಯ ಹೊಳೆಯಿತು. ಹೆಚ್ಚಿನ ಬೋರ್ಡುಗಳ ಮೇಲೆ ಉರ್ದುವಿನ ಜೊತೆ ತೆಲುಗು, ಇಂಗ್ಲಿಷ್ ಸಾಲುಗಳೂ ಇರುತ್ತಿದ್ದವು. ಇಂಗ್ಲಿಷ್ ಸಾಲು ಓದಿಕೊಂಡು, ಉರ್ದುವನ್ನೇ ಬಿಡಿಸುತ್ತಿರುವಂತೆ ಒಂದೊಂದೇ ಅಕ್ಷರ ಎಳೆದು ಹೇಳತೊಡಗಿದೆ. ಮೊದಲು ಬೇಕೆಂತಲೇ ಒಂದೆರಡು ತಪ್ಪು ಮಾಡುತ್ತಿದ್ದೆ. ಕಳ್ಳತನಕ್ಕೂ ಒಂದು ಕಸುಬು ಬೇಕಲ್ಲ. ಅಪ್ಪನಿಗೆ ದೊಡ್ಡ ಅಕ್ಷರ ಇನ್ನೂ ಕಾಣುತ್ತವೆ, ಒಂದಿನ ಹಿಡಿಯುತ್ತಾನೆ ಎಂಬ ಭಯ ಇದ್ದೇ ಇತ್ತು. ಹಿಡಿಯಲಿಲ್ಲ.

“ನಮ್ಮಪ್ಪನಾಣಿ, ನಾ ಕಲಿಯಾಕ ಎರಡು ವರ್ಷ ಹಿಡಿದಿತ್ತು. ಈಕಿ ಎರಡು ತಿಂಗಳದಾಗ ಕಲ್ತಾಳ!” ಎಂದು ಇರಾನಿ ಹೋಟೆಲಿನಲ್ಲಿ ಕೂತವರಿಗೆಲ್ಲ ಕೇಳುವಂತೆ ಹೇಳಿದ. ಆ ದಿನ ಒಂದೇ ಕಪ್ ಚಹಾ ತರಿಸಿ, ಸಾಸರಿಗೆ ಸ್ವಲ್ಪ ಬಗ್ಗಿಸಿ ತಾನಿಟ್ಟುಕೊಂಡು, ಕಪ್ಪನ್ನು ನನಗೆ ಕೊಟ್ಟ. ಚಹಾ ಸಿಹಿಯಾಗಿಯೇ ಇತ್ತು. ಪೂರ್ತಿ ಕುಡಿದೆ. ಬೇಗ ಮನೆಗೆ ಹೋಗಿ ಮಲಗಬಹುದಲ್ಲ ಎಂಬುದಷ್ಟೇ ನನ್ನ ಯೋಚನೆ.

ವಾರಕ್ಕೊಮ್ಮೆ ದವಾಖಾನೆಗೆ ಹೋದಾಗ ನನ್ನನ್ನು ಗೇಟಿನ ನೆರಳಲ್ಲಿ ಕೂರಿಸಿ ತಾನೊಬ್ಬನೇ ಒಳಗೆ ಹೋಗುತ್ತಿದ್ದ. ಹೊರಗೆ ಬಂದು “ಸುಧಾರಿಸಾಕತ್ತೇತಂತ” ಎನ್ನುತ್ತಿದ್ದ. ಸುಧಾರಿಸುತ್ತಿದ್ದ ಮನುಷ್ಯ ಮೆಟ್ಟಿಲು ಇಳಿಯುವಾಗ ಕಾಲಿನಿಂದ ತಡವುತ್ತಿದ್ದುದನ್ನು ನಾನು ನೋಡಿಯೂ ನೋಡದಂತಿದ್ದೆ.

ಹೊರಡಲು ಎರಡು ದಿನ ಇತ್ತು. ಆಪಾ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತ ನನ್ನನ್ನು ಹತ್ತಿರ ಕರೆದಳು.

“ಬೇಟಿ, ನಿಮ್ಮಪ್ಪ ಹೇಳಬ್ಯಾಡ ಅಂದಾನ. ನನಗ ತಡಿಯಾಕ ಆಗವಲ್ದು. ಮೊದಲನೇ ದಿನಾನ ಡಾಕ್ಟರ್ ಹೇಳ್ಯಾರ, ಕಣ್ಣಿನ ನರ ಸತ್ತಾವ, ಇಲಾಜ್ ಇಲ್ಲ, ಊರಿಗೆ ಹೋಗ್ರಿ ಅಂತ.”

“ಮತ್ತ ಎರಡು ತಿಂಗಳು ಯಾಕ ಕುಂತೀವಿ ಆಪಾ?”

“ನಿನ್ನ ಸಲುವಾಗಿ. ಮಸ್ಕ್ಯಾಗ ಉರ್ದು ಬೋರ್ಡು ಎಷ್ಟು ಅದಾವ? ಇಲ್ಲಿ ಓಣಿ ಓಣಿ ಕಿತಾಬ್ ಇದ್ದಂಗ, ಪುಕ್ಕಟೆ. ‘ನನ್ನ ಕಣ್ಣು ಹೊಂಟಾವ, ಮಗಳಿಗೆ ಈ ಓದು ಕೊಟ್ಟು ಹೋಗ್ತೀನಿ, ನನ್ನ ನಂಬಿದ ಮಂದಿ ಬರಿಗೈಲೆ ಹೋಗಬಾರದು’ ಅಂತಾನ. ವಾರವಾರ ದವಾಖಾನ್ಯಾಗ ಬೆಂಚಿನ ಮ್ಯಾಲೆ ಸುಮ್ನ ಕುಂತು ಎದ್ದು ಬರ್ತಾನ.”

ನಾನು ಆಗಲೇ ಕೋಣೆಗೆ ಹೋಗಿ ಹೇಳಬೇಕಿತ್ತು. ಅಪ್ಪಾ, ನನಗೆ ಬರುವುದಿಲ್ಲ, ಇನ್ನೆರಡು ತಿಂಗಳು ಇರೋಣ, ಕಲಿಯುತ್ತೇನೆ ಎಂದು. ಕೋಣೆಗೆ ಹೋದೆ. ಅಪ್ಪ ಚಾಪೆಯ ಮೇಲೆ ಕೂತು ಬಟ್ಟೆ ಗಂಟು ಕಟ್ಟುತ್ತಿದ್ದ, ಕೈಯಿಂದ ತಡವಿ ತಡವಿ. ನನ್ನ ಹೆಜ್ಜೆ ಕೇಳಿ ನಕ್ಕ. ನಾನೂ ಕೂತು ಗಂಟು ಕಟ್ಟಿದೆ. ಊರ ಬಸ್ಸಿನಲ್ಲಿ ಅವನು “ಇನ್ನ ನನಗ ಚಿಂತಿಲ್ಲ ನೋಡು” ಎಂದಾಗಲೂ ಕಿಟಕಿಯ ಕಡೆ ಮುಖ ಮಾಡಿದ್ದೆ.

ಮಳೆಗಾಲ ಮುಗಿಯುವುದರೊಳಗೆ ಅಪ್ಪನಿಗೆ ಹಗಲೂ ಕತ್ತಲಾಯಿತು. ಲಿಂಗಸುಗೂರಿಗೆ ಹೋಗುವುದು ನಿಂತಿತು. ಒಂದು ದಿನ ಪಾಮನಕಲ್ಲೂರಿನ ಹುಲಿಗೆಮ್ಮ ಅಪ್ಪನನ್ನು ಹುಡುಕಿಕೊಂಡು ಮನೆಗೇ ಬಂದಳು. ಗಂಡ ಸತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೊಲವೆಲ್ಲ ತನ್ನದೇ ಎಂದು ಭಾವ ಹೇಳುತ್ತಿದ್ದ. ಮಾವ ಇಬ್ಬರು ಮಕ್ಕಳ ಹೆಸರಿಗೂ ಪಾಲು ಬರೆಸಿಟ್ಟಿದ್ದಾನೆಂದು ಗಂಡ ಹೇಳುತ್ತಿದ್ದನಂತೆ. ಇದೇ ಆ ಕಾಗದ ಎಂದು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಮರುದಿನ ಹಿರಿಯರ ಮುಂದೆ ಮಾತುಕತೆ ಇತ್ತು.

“ನನ್ನ ಮಗಳು ಓದ್ತಾಳ. ಏನು ಐತಿ ಅಷ್ಟೂ ಹೇಳ್ತಾಳ, ಕೇಳಿಕೋ ತಂಗಿ,” ಎಂದ ಅಪ್ಪ. ಕಾಗದವನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟ.

ಕಾಗದ ಹಳದಿಯಾಗಿತ್ತು, ಆದರೆ ಮಸಿ ಕಪ್ಪಾಗಿ, ಚೆನ್ನಾಗಿಯೇ ಇತ್ತು. ಮೇಲಿನಿಂದ ಕೆಳಗಿನವರೆಗೂ ಉರ್ದು. ಕೆಳಗೆ ಇಂಗ್ಲಿಷ್ ಸಾಲಿರಲಿಲ್ಲ. ಹುಲಿಗೆಮ್ಮ ನನ್ನ ಬಾಯಿ ನೋಡುತ್ತಿದ್ದಳು. ಅಪ್ಪ ಕಿವಿ ನನ್ನ ಕಡೆ ತಿರುಗಿಸಿ, ಗಲ್ಲ ಸ್ವಲ್ಪ ಮೇಲೆತ್ತಿ ಕೂತಿದ್ದ, ಬೇವಿನ ಗಿಡದ ಕೆಳಗೆ ಕೂರುತ್ತಿದ್ದ ಹಾಗೆಯೇ.

“ಅಕ್ಷರ ಅಳಸ್ಯಾವಪ್ಪಾ,” ಎಂದೆ. “ಏನೂ ಕಾಣವಲ್ದು.”

ಅಪ್ಪ ಕಾಗದದ ಮೇಲೆ ಒಮ್ಮೆ ಬೆರಳಾಡಿಸಿದ. ಬೆರಳಿಗೆ ಮಸಿ ಓದಲು ಬರುವುದಿಲ್ಲವಲ್ಲ.

“ಅಳಿಸಿದ್ದು ಯಾರ ಕೈಲೂ ಓದಾಕ ಆಗಂಗಿಲ್ಲ ತಂಗಿ,” ಎಂದು ಅವಳಿಗೆ ಹೇಳಿದ. “ಹಟ ಮಾಡಿದ್ರ ಇದ್ದದ್ದೂ ಹೋಗ್ತೈತಿ. ಭಾವ ಏನು ಕೊಡ್ತಾನ ತಗೊಂಡು ರಾಜಿ ಆಗು.”

ಅಪ್ಪ ಹೇಳಿದ ಮೇಲೆ ಮುಗಿಯಿತು. ಹುಲಿಗೆಮ್ಮ ಇನ್ನೊಬ್ಬರ ಹತ್ತಿರ ಹೋಗಲೂ ಇಲ್ಲ. ಮರುದಿನ ಹೆಬ್ಬೆಟ್ಟು ಒತ್ತಿದಳು. ಭಾವ ಕೊಟ್ಟಿದ್ದು ಒಂದು ಗುಡಿಸಲಿನ ಜಾಗ. ಅದೇ ಹಿಂಗಾರಿನಲ್ಲಿ ಭಾವನ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದಾಳೆಂದು ಕೇಳಿದೆ. ಆಮೇಲೆ ಕಾಗದ ತಂದವರಿಗೆಲ್ಲ ಅಪ್ಪ ನನ್ನ ಹೆಸರು ಹೇಳುತ್ತಿದ್ದ. ನಾನು ಕೆಲಸದ ನೆಪ ಹೇಳಿ ಹಿತ್ತಲಿಗೆ ಹೋಗುತ್ತಿದ್ದೆ. ಬರಬರುತ್ತಾ ಜನ ಬರುವುದನ್ನು ಬಿಟ್ಟರು. ಅವನು ಸಾಯುವವರೆಗೂ ಒಂದು ಮಾತು ಕೇಳಲಿಲ್ಲ. ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯದು.

ತೊಂಬತ್ತರ ದಶಕದಲ್ಲಿ, ಅಪ್ಪ ಹೋದ ಮೇಲೆ, ನಾನು ಸಿಂಧನೂರಿನಲ್ಲಿ ಮಾಸ್ತರಿಕೆ ಮಾಡುವಾಗ ಅಲ್ಲಿನ ಮುದುಕ ಉಸ್ತಾದರೊಬ್ಬರ ಬಳಿ ಮಕ್ಕಳ ಜೊತೆ ಕೂತು ಉರ್ದು ಕಲಿತೆ. ಈ ಸಲ ನಿಜವಾಗಿ ಕಲಿತೆ. ಕಲಿತ ವರ್ಷವೇ ಪಾಮನಕಲ್ಲೂರಿಗೆ ಹೋದೆ. ಹುಲಿಗೆಮ್ಮ ಗುಡಿಸಲಿನ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದಳು. ಆ ಕಾಗದ ಇನ್ನೊಮ್ಮೆ ನೋಡುತ್ತೇನೆ ಎಂದೆ.

“ಎಲ್ಲಿ ಕಾಗದವ್ವಾ? ಅಳಿಸಿದ್ದು ಇಟಗೊಂಡು ಏನು ಮಾಡ್ಲಿ, ಆವತ್ತ ಒಲಿಗೆ ಹಾಕೀನಿ,” ಎಂದಳು. ಆಮೇಲೆ ಮೊರ ಕೆಳಗಿಟ್ಟು, “ನಿಮ್ಮಪ್ಪ ದೇವರಂಥಾಂವ. ಅಂವ ಖರೆ ಹೇಳಿದ್ದಕ್ಕ ನಾ ಕೋರ್ಟು ಕಚೇರಿ ಅಂತ ಅಲೀಲಿಲ್ಲ,” ಎಂದು ನನಗೆ ಕುಡಿಯಲು ನೀರು ತಂದುಕೊಟ್ಟಳು.

ನೀರು ಕುಡಿದು ಎದ್ದು ಬಂದೆ. ಅವಳಿಗೂ ಹೇಳಲಿಲ್ಲ. ಅವಳೂ ಈಗಿಲ್ಲ. ಇಷ್ಟು ವರ್ಷಕ್ಕೆ ಇದನ್ನು ನಿಮಗೆ ಹೇಳಿದ್ದೇನೆ, ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆಂದು. ಆಗಿಲ್ಲ.